ಅಂಗಳದ ಆಫೀಸಿಗೆ ಕೊಳ್ಳುವ ಸಾಮಾನು: ಯಾವುದು ಉಪಯೋಗಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ

ಮನೆಯ ಹೊರಗೆ ಕೂತು ಕೆಲಸ ಮಾಡಬೇಕು ಅಂದುಕೊಂಡವರು ಸಾಮಾನ್ಯವಾಗಿ ಮೊದಲು ಮೇಜು, ಕುರ್ಚಿ ಕೊಳ್ಳುತ್ತಾರೆ. ಆಮೇಲೆ ಸ್ಕ್ರೀನ್ ಕಾಣುತ್ತಿಲ್ಲ ಅಂತ ಗೊತ್ತಾಗಿ ಕೊಡೆ ಹುಡುಕುತ್ತಾರೆ. ಕೊನೆಗೆ ವೀಡಿಯೊ ಕರೆ ನಿಂತು ನಿಂತು ಬರುತ್ತಿದೆ ಅಂತ ವೈಫೈ ಕಡೆ ತಿರುಗುತ್ತಾರೆ. ಈ ಕ್ರಮವೇ ತಪ್ಪು. ಹೊರಗಿನ ಆಫೀಸು ನಡೆಯುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನಿಸುವುದು ನೆರಳು ಮತ್ತು ಕೂರುವ ದಿಕ್ಕು. ಇವೆರಡು ಸರಿಯಾದರೆ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಕೆಲಸ ಸಾಗುತ್ತದೆ. ಇವು ತಪ್ಪಿದರೆ ಎಷ್ಟು ದುಬಾರಿ ಸ್ಕ್ರೀನ್ ತಂದರೂ ಕಣ್ಣು ಕಿರಿದು ಮಾಡಿಕೊಂಡೇ ಕೂರಬೇಕು. ಜಗಲಿ, ಬಾಲ್ಕನಿ, ತಾರಸಿ, ಅಂಗಳ ಎಲ್ಲಕ್ಕೂ ಇದೇ ಮಾತು. ಮಾರುಕಟ್ಟೆಯಲ್ಲಿ ಇದಕ್ಕಂತಲೇ ಸಿಗುವ ಸಾಮಾನುಗಳನ್ನು ದುಡ್ಡು ಯಾವುದಕ್ಕೆ ಮೊದಲು ಹೋಗಬೇಕೋ ಆ ಕ್ರಮದಲ್ಲೇ ಇಲ್ಲಿ ನೋಡಿದ್ದೇವೆ.

ನೆರಳು

ನೇರ ಬಿಸಿಲಿನ ಬೆಳಕು ಸುಮಾರು 1,00,000 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ). ಬಿಸಿಲಿನ ದಿನ ಬಯಲಿನ ನೆರಳಲ್ಲಿ ಅದು 10,000ದಿಂದ 20,000 ಲಕ್ಸ್‌ಗೆ ಇಳಿಯುತ್ತದೆ. ಆಫೀಸಿನ ಒಳಗೆ ಇರುವುದು 300ರಿಂದ 500 ಲಕ್ಸ್ ಅಷ್ಟೇ. ಅಂದರೆ ಒಳ್ಳೆಯ ನೆರಳಲ್ಲೂ ಆಫೀಸಿಗಿಂತ ಇಪ್ಪತ್ತು, ಮೂವತ್ತು ಪಟ್ಟು ಬೆಳಕು ಇರುತ್ತದೆ. ನೆರಳಿಲ್ಲದ ಜಾಗದಲ್ಲಿ ಲ್ಯಾಪ್‌ಟಾಪ್ ತೆರೆಯುವ ಮಾತೇ ಬೇಡ.

ದುಡ್ಡು ಕೊಡದೆ ಸಿಗುವ ನೆರಳು ಗೋಡೆಯದು. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ ಬೆಳಿಗ್ಗೆ ನೆರಳು, ಪೂರ್ವಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ ಮಧ್ಯಾಹ್ನದ ಮೇಲೆ ನೆರಳು. ದಿನದ ಯಾವ ಹೊತ್ತು ಹೊರಗೆ ಕೂರುತ್ತೀರಿ ಅನ್ನುವುದನ್ನು ಮೊದಲು ನಿರ್ಧರಿಸಿಕೊಂಡರೆ ಅರ್ಧ ಖರ್ಚು ಉಳಿಯುತ್ತದೆ. ಇಡೀ ದಿನ ಒಂದೇ ಜಾಗದಲ್ಲಿ ಕೂರಬೇಕೆಂದರೆ ಮಾತ್ರ ಮೇಲೆ ಏನಾದರೂ ಕಟ್ಟಬೇಕು.

ಹೆಚ್ಚಿನವರು ತರುವುದು ನಡುವೆ ಕಂಬವಿರುವ ದೊಡ್ಡ ಕೊಡೆ. ಊಟದ ಮೇಜಿಗೆ ಇದು ಸರಿ, ಕೆಲಸದ ಮೇಜಿಗೆ ಸಾಲದು. ಲೆಕ್ಕ ನೋಡಿ: ಕೊಡೆಯ ಬಟ್ಟೆ ನೆಲದಿಂದ 2.3 ಮೀಟರ್ ಎತ್ತರದಲ್ಲಿದೆ, ಮೇಜಿನ ಮೇಲ್ಮೈ 73 ಸೆಂ.ಮೀ. ಎತ್ತರದಲ್ಲಿದೆ. ನಡುವಿನ ಅಂತರ 1.57 ಮೀಟರ್. ಸೂರ್ಯ 45 ಡಿಗ್ರಿಯಲ್ಲಿದ್ದಾಗ ನೆರಳು ಅಷ್ಟೇ ದೂರ, ಅಂದರೆ 1.57 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. 30 ಡಿಗ್ರಿಗೆ ಇಳಿದರೆ 2.7 ಮೀಟರ್. ಕೊಡೆಯ ಅಗಲ 2.7 ಮೀಟರ್ ಇದ್ದರೂ ಕಂಬದಿಂದ ಅಂಚಿಗೆ 1.35 ಮೀಟರ್ ಮಾತ್ರ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೋ ಸಂಜೆ ನಾಲ್ಕಕ್ಕೋ ಕಂಬದ ಪಕ್ಕದ ಮೇಜಿನ ಮೇಲೆ ಬಿಸಿಲು, ಎರಡು ಹೆಜ್ಜೆ ಆಚೆ ಖಾಲಿ ನೆಲದ ಮೇಲೆ ನೆರಳು. ಬಟ್ಟೆಯನ್ನು ವಾಲಿಸುವ ಕೀಲು ಇದ್ದರೆ ಸ್ವಲ್ಪ ಸುಧಾರಿಸುತ್ತದೆ. ಕೀಲಿಲ್ಲದ ಕೊಡೆಯನ್ನು ಈ ಕೆಲಸಕ್ಕೆ ಕೊಳ್ಳಲೇಬೇಡಿ.

ಕಂಬ ಪಕ್ಕದಲ್ಲಿದ್ದು ಮೇಲಿನಿಂದ ಕೈಚಾಚಿದಂತೆ ನಿಲ್ಲುವ ಕ್ಯಾಂಟಿಲಿವರ್ ಕೊಡೆಯೇ ಇಲ್ಲಿ ಸರಿಯಾದ ಆಯ್ಕೆ. ಸುತ್ತ ತಿರುಗಿಸಬಹುದು, ವಾಲಿಸಬಹುದು, ಮೇಜಿಗೆ ಕಂಬ ಅಡ್ಡ ಬರುವುದಿಲ್ಲ. ಆದರೆ ತೂಕದ ವಿಷಯದಲ್ಲಿ ಅಂಗಡಿಯವರು ಹೇಳುವುದಕ್ಕಿಂತ ಜಾಸ್ತಿಯೇ ಹಾಕಿ. 3 ಮೀಟರಿನ ಕ್ಯಾಂಟಿಲಿವರ್ ಕೊಡೆಗೆ 80ರಿಂದ 100 ಕೆ.ಜಿ. ಬುಡ ಬೇಕು. ಜೊತೆಗೆ ಬರುವ ಅಡ್ಡಪಟ್ಟಿಯ ಕಬ್ಬಿಣದ ಚೌಕಟ್ಟು ಬುಡವಲ್ಲ, ಬುಡ ಇಡುವ ಜಾಗ ಅಷ್ಟೇ. 50×50×5 ಸೆಂ.ಮೀ. ಅಳತೆಯ ಕಾಂಕ್ರೀಟ್ ಚಪ್ಪಡಿ ಒಂದಕ್ಕೆ ಸುಮಾರು 29 ಕೆ.ಜಿ. ತೂಕ ಬರುತ್ತದೆ. ನಾಲ್ಕು ಇಟ್ಟರೆ ನಿಶ್ಚಿಂತೆ. ಪ್ಲಾಸ್ಟಿಕ್ ಬುಡಕ್ಕೆ ನೀರು ತುಂಬಿಸುವ ಬದಲು ಒಣ ಮರಳು ತುಂಬಿಸಿ. ಅದೇ ಜಾಗದಲ್ಲಿ ಒಂದೂವರೆ ಪಟ್ಟು ತೂಕ ಸಿಗುತ್ತದೆ, ಸೋರುವ ತಾಪತ್ರಯವೂ ಇಲ್ಲ.

ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ. ಗಂಟೆಗೆ 20 ಕಿ.ಮೀ. ಇದ್ದದ್ದು 40 ಆದರೆ ಬಟ್ಟೆಯ ಮೇಲಿನ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಸಣ್ಣ ಗಿಡಮರಗಳು ಬುಡಸಮೇತ ತೂಗಾಡಲು ಶುರುವಾದರೆ ಗಾಳಿ ಗಂಟೆಗೆ 30 ಕಿ.ಮೀ. ಆಸುಪಾಸು ಇದೆ ಎಂದು ಅರ್ಥ. ಅಷ್ಟು ಹೊತ್ತಿಗೆ ಕೊಡೆ ಮಡಚಿರಬೇಕು. ಕೆಲಸ ಮುಗಿಸಿ ಒಳಗೆ ಹೋಗುವಾಗ, ಗಾಳಿ ಇರಲಿ ಬಿಡಲಿ, ಮಡಚಿಯೇ ಹೋಗಿ. ಹೆಚ್ಚಿನ ಕೊಡೆಗಳ ಕಡ್ಡಿ ಮುರಿಯುವುದು ಯಾರೂ ಇಲ್ಲದ ಹೊತ್ತಲ್ಲಿ.

ಬಟ್ಟೆಯಲ್ಲಿ ಎರಡು ಜಾತಿ. ಮೇಲಿನಿಂದ ಬಣ್ಣ ಹಾಕಿದ ಪಾಲಿಯೆಸ್ಟರ್ ಅಗ್ಗ, ಆದರೆ ಬೇಗ ಮಂಕಾಗುತ್ತದೆ, ಆಮೇಲೆ ಮಡಿಕೆಗಳಲ್ಲಿ ಪಿಸಿಯುತ್ತದೆ. ನೂಲು ತೆಗೆಯುವ ಮೊದಲೇ ಬಣ್ಣ ಬೆರೆಸಿದ ಅಕ್ರಿಲಿಕ್ ಎರಡನೆಯದು. ಸನ್‌ಬ್ರೆಲ್ಲಾ ಹೆಸರಿನಲ್ಲಿ ಸಿಗುವುದು ಇದೇ ಜಾತಿಯದು. ಬಣ್ಣ ಎಳೆಯ ಒಳಗೂ ಇರುವುದರಿಂದ ಬಿಸಿಲಿಗೆ ಬೇಗ ಮಾಸುವುದಿಲ್ಲ. ನಾಲ್ಕೈದು ವರ್ಷ ಇಟ್ಟುಕೊಳ್ಳುವ ಯೋಚನೆ ಇದ್ದರೆ ಅಕ್ರಿಲಿಕ್‌ಗೆ ಜಾಸ್ತಿ ಕೊಡುವುದು ಸಮ. ಬಣ್ಣ ಆರಿಸುವಾಗ ಅಂದಕ್ಕಿಂತ ಬೇರೆ ವಿಷಯ ನೋಡಬೇಕು: ಬಟ್ಟೆಯ ಬಣ್ಣ ಮುಖದ ಮೇಲೆ ಬೀಳುತ್ತದೆ. ಕೆಂಪು ಕೊಡೆಯ ಕೆಳಗೆ ವೀಡಿಯೊ ಕರೆಯಲ್ಲಿ ಮುಖ ಸಿಟ್ಟು ಬಂದಂತೆ ಕಾಣುತ್ತದೆ, ಹಸಿರಿನ ಕೆಳಗೆ ಜ್ವರ ಬಂದಂತೆ. ಬಿಳಿ ಬಟ್ಟೆ ಬೆಳಕನ್ನು ತುಂಬಾ ಒಳಗೆ ಬಿಟ್ಟು ಮೇಜಿನ ಮೇಲೆಲ್ಲ ಹರಡುತ್ತದೆ. ಬೂದು, ಅಥವಾ ಮಣ್ಣಿನ ಬಣ್ಣದ ದಟ್ಟ ನೇಯ್ಗೆಯೇ ಲೇಸು. ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಕಿಂಡಿ ಇರಬೇಕು.

ಶಾಶ್ವತವಾಗಿ ಒಂದೇ ಜಾಗ ಅಂತ ಗಟ್ಟಿಯಾದರೆ ಶೇಡ್ ಸೇಲ್, ಅಂದರೆ ಮೂಲೆಗಳಿಂದ ಎಳೆದು ಕಟ್ಟುವ ನೆರಳಿನ ಬಟ್ಟೆ, ಕಟ್ಟಿಸಬಹುದು. ಅಂಚುಗಳು ಒಳಕ್ಕೆ ಬಾಗಿದ ಹೊಲಿಗೆಯದನ್ನೇ ಆರಿಸಿ. ನೇರ ಅಂಚಿನದು ಎಷ್ಟು ಎಳೆದು ಕಟ್ಟಿದರೂ ಅಂಚಲ್ಲಿ ಸಡಿಲವಾಗಿ ಪಟಪಟ ಹೊಡೆದುಕೊಳ್ಳುತ್ತದೆ, ಆ ಸದ್ದು ಮೈಕಿಗೆ ಹೋಗುತ್ತದೆ. ಕಟ್ಟುವ ಕೊಕ್ಕೆಗಳ ನಡುವಿನ ದೂರ ಬಟ್ಟೆಯ ಅಳತೆಗಿಂತ ಸುಮಾರು ಶೇಕಡಾ 10 ಹೆಚ್ಚಿರಲಿ. ಬಿಗಿ ಮಾಡುವ ಟರ್ನ್‌ಬಕಲ್‌ಗೆ ಮತ್ತು ಬಟ್ಟೆ ಮುಂದೆ ಜಗ್ಗುವುದಕ್ಕೆ ಅಷ್ಟು ಜಾಗ ಬೇಕು. ನೇಯ್ದ ಎಚ್‌ಡಿಪಿಇ (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ಬಟ್ಟೆಯಲ್ಲಿ ಗಾಳಿ ಆಡುತ್ತದೆ, ಮಳೆ ಸೋರುತ್ತದೆ. ನೀರು ತಡೆಯುವ ಬಟ್ಟೆಯಾದರೆ ಪ್ರತಿ ಮೀಟರಿಗೆ ಕನಿಷ್ಠ 25 ಸೆಂ.ಮೀ. ಇಳಿಜಾರು ಕೊಡಿ. ಇಲ್ಲದಿದ್ದರೆ ಒಂದೇ ಮಳೆಗೆ ನಡುವೆ ನೀರು ನಿಂತು ಹೊಟ್ಟೆ ಬಿಟ್ಟುಕೊಂಡದ್ದು ಮತ್ತೆ ನೆಟ್ಟಗಾಗುವುದಿಲ್ಲ. ಹಳೆಯ ಗೋಡೆಯ ಗಾರೆಗೆ ಕೊಕ್ಕೆ ಹೊಡೆಸಬೇಡಿ. ತೊಲೆ, ಕಾಂಕ್ರೀಟ್ ಕಂಬ, ಇಲ್ಲವೇ ನೆಲದಲ್ಲಿ ಮೂರನೇ ಒಂದು ಭಾಗ ಹೂತ ಕಂಬವೇ ಆಗಬೇಕು.

ಸ್ಕ್ರೀನ್ ಮತ್ತು ಬೆನ್ನ ಹಿಂದಿನ ಗೋಡೆ

ಹೊರಗೆ ಸ್ಕ್ರೀನ್ ಕಾಣದಿರುವುದಕ್ಕೆ ಕಾರಣ ಅದರ ಬೆಳಕು ಕಡಿಮೆ ಅನ್ನುವುದಷ್ಟೇ ಅಲ್ಲ. ಅದು ಕನ್ನಡಿಯ ಕೆಲಸವನ್ನೂ ಮಾಡುತ್ತಿರುತ್ತದೆ. ಹೊಳಪಿನ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 4ರಷ್ಟನ್ನು ವಾಪಸ್ ಎಸೆಯುತ್ತದೆ. ನಿಮ್ಮ ಬೆನ್ನ ಹಿಂದೆ 5,000 ನಿಟ್ (ಹೊಳಪಿನ ಅಳತೆ) ಹೊಳೆಯುವ ಆಕಾಶ ಇದ್ದರೆ ಸ್ಕ್ರೀನಿನ ಮೇಲೆ 200 ನಿಟ್‌ನ ಆಕಾಶ ಕಾಣುತ್ತದೆ. 300 ನಿಟ್‌ನ ಲ್ಯಾಪ್‌ಟಾಪ್‌ನಲ್ಲಿ ಬಿಳಿ ಜಾಗ 500 ಆಯಿತು, ಕಪ್ಪು ಅಕ್ಷರ 200 ಆಯಿತು. ಎರಡೂವರೆ ಪಟ್ಟಿನ ವ್ಯತ್ಯಾಸದಲ್ಲಿ ಓದುವುದು ಕಣ್ಣಿಗೆ ಹಿಂಸೆ. ಈಗ ಅದೇ ಲ್ಯಾಪ್‌ಟಾಪ್ ಇಟ್ಟುಕೊಂಡು, ನೆರಳಲ್ಲಿರುವ ಗಾಢ ಬಣ್ಣದ ಗೋಡೆಗೆ ಬೆನ್ನು ಹಾಕಿ ಕೂತುಕೊಳ್ಳಿ. ಗೋಡೆಯ ಹೊಳಪು 100 ನಿಟ್ ಅಂತಿಟ್ಟುಕೊಂಡರೆ ಪ್ರತಿಫಲನ 4 ನಿಟ್. ಅಕ್ಷರ ಕಪ್ಪಗೇ ನಿಲ್ಲುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ, ಸಾವಿರ ನಿಟ್‌ನ ಸ್ಕ್ರೀನಿನಿಂದಲೂ ಸಿಗದ ಸ್ಪಷ್ಟತೆ ಸಿಕ್ಕಿತು.

ಜಾಗ ನೋಡುವ ರೀತಿ ಹೀಗೆ. ಲ್ಯಾಪ್‌ಟಾಪ್ ಆಫ್ ಮಾಡಿ, ನೀವು ಕೂರಬೇಕೆಂದಿರುವ ಕಡೆ ತೆರೆದಿಡಿ. ಆ ಕಪ್ಪು ಗಾಜಿನಲ್ಲಿ ಏನೇನು ಕಾಣುತ್ತದೆ ನೋಡಿ. ಆಕಾಶದ ತುಂಡು, ಬಿಳಿ ಕಾಂಪೌಂಡ್, ಬಿಸಿಲು ಬಿದ್ದ ಕಿಟಕಿ, ನಿಮ್ಮದೇ ಬಿಳಿ ಅಂಗಿ, ಏನು ಕಾಣುತ್ತದೋ ಅದೇ ದಿನವಿಡೀ ಅಕ್ಷರಗಳ ಮೇಲೆ ಕೂತಿರುತ್ತದೆ. ಮೇಜನ್ನು ಹತ್ತು ಹದಿನೈದು ಡಿಗ್ರಿ ತಿರುಗಿಸಿದರೆ ಎಷ್ಟೋ ಸಲ ಅದು ಮಾಯವಾಗುತ್ತದೆ. ಬೆಳಿಗ್ಗೆ, ನಡುಹಗಲು, ಇಳಿಹೊತ್ತು ಮೂರೂ ಹೊತ್ತಲ್ಲಿ ನೋಡಿ, ಆಮೇಲೆ ಮೇಜು ಕೊಳ್ಳಿ. ಬೆನ್ನಿಗೆ ಗೋಡೆ ಇಲ್ಲದ ಕಡೆ ದಟ್ಟ ಎಲೆಯ ಬಳ್ಳಿ ಹಬ್ಬಿದ ಚೌಕಟ್ಟೋ, ಕಪ್ಪು ನೆರಳು ಪರದೆಯ ತುಂಡೋ ಸಾಕು. ಎದುರುಗಡೆ, ಅಂದರೆ ಸ್ಕ್ರೀನಿನ ಆಚೆ, ಬಿಸಿಲು ಹೊಡೆಯುವ ನೆಲ ಇರಬಾರದು. ಆ ಬೆಳಕಿಗೆ ಪಾಪೆ ಕುಗ್ಗಿ ಸ್ಕ್ರೀನ್ ಇನ್ನಷ್ಟು ಮಂಕಾಗಿ ಕಾಣುತ್ತದೆ. ಬೆನ್ನಿಗೆ ಗೋಡೆ, ಎದುರಿಗೆ ನೆರಳಲ್ಲಿರುವ ಗಿಡಗಳು, ಇದೇ ಒಳ್ಳೆಯ ಜೋಡಿ. ವೀಡಿಯೊ ಕರೆಗೂ ಇದೇ ಅನುಕೂಲ: ಎದುರಿನ ಆಕಾಶದಿಂದ ಮುಖಕ್ಕೆ ಮೃದುವಾದ ಬೆಳಕು, ಹಿಂದೆ ಸ್ಥಿರವಾದ ಗೋಡೆ.

ಸ್ಕ್ರೀನ್ ಕೊಳ್ಳುವವರು ವಿವರಪಟ್ಟಿಯಲ್ಲಿ ನಿಟ್ ಅಂಕಿ ಹುಡುಕಿ. 250 ನಿಟ್ ಹೊರಗಿನ ಕೆಲಸಕ್ಕೆ ಬಾರದು. 400 ನಿಟ್ ಮತ್ತು ಮ್ಯಾಟ್ (ಹೊಳಪಿಲ್ಲದ) ಮೇಲ್ಮೈ ಇದ್ದರೆ ಒಳ್ಳೆಯ ನೆರಳಲ್ಲಿ ಸಾಕು. 2022ರಿಂದ ಬಂದ ಮ್ಯಾಕ್‌ಬುಕ್ ಏರ್‌ಗಳು 500 ನಿಟ್ ಕೊಡುತ್ತವೆ, ಆದರೆ ಮೇಲ್ಮೈ ಹೊಳಪಿನದು. 2024ರ ಎಂ4 ಮ್ಯಾಕ್‌ಬುಕ್ ಪ್ರೊ ಹೊರಾಂಗಣದಲ್ಲಿ 1,000 ನಿಟ್‌ವರೆಗೆ ಏರುತ್ತದೆ, ನ್ಯಾನೊ ಟೆಕ್ಸ್‌ಚರ್ (ಪ್ರತಿಫಲನ ತಗ್ಗಿಸುವ) ಗಾಜನ್ನೂ ಆರಿಸಿಕೊಳ್ಳಬಹುದು. ಹೊರಗಿನ ಬಳಕೆಗೆ ಈ ಗಾಜು ನಿಜಕ್ಕೂ ಬೆಲೆಬಾಳುವ ವಸ್ತು, ಆದರೆ ಇದೊಂದಕ್ಕೋಸ್ಕರ ಚೆನ್ನಾಗಿರುವ ಲ್ಯಾಪ್‌ಟಾಪ್ ಬದಲಿಸುವುದು ಬೇಡ. ಬೆಳಕು ಏರಿಸಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬರವಣಿಗೆ, ಕೋಡಿಂಗ್, ಓದು ಇಷ್ಟೇ ಕೆಲಸ ಇರುವವರಿಗೆ ಇ-ಇಂಕ್ ಮಾನಿಟರ್ ಬೇರೆಯದೇ ದಾರಿ. ಬೂಕ್ಸ್ ಮೀರಾ ಪ್ರೊ 25.3 ಇಂಚಿನದು, 3200×1800 ಚುಕ್ಕೆಗಳದು. ಚಿಕ್ಕ ಮೀರಾ 13.3 ಇಂಚು, 2200×1650. ಕಾಗದದ ಹಾಗೆ ಹೊರಗಿನ ಬೆಳಕನ್ನೇ ಬಳಸಿಕೊಳ್ಳುವುದರಿಂದ ಬೆಳಕು ಹೆಚ್ಚಿದಷ್ಟೂ ಅಕ್ಷರ ಸ್ಫುಟವಾಗುತ್ತದೆ. ಆದರೆ ಪುಟ ಸರಿಸಿದಾಗ ಹಿಂದಿನ ಅಕ್ಷರದ ನೆರಳು ಉಳಿಯುತ್ತದೆ, ಮೌಸ್ ತಡವರಿಸುತ್ತದೆ, ವೀಡಿಯೊ ನೋಡಲಾಗುವುದಿಲ್ಲ, ಸಾದಾ ಮಾದರಿಗಳಲ್ಲಿ ಬಣ್ಣ ಇಲ್ಲ. ದಿನಕ್ಕೆ ನಾಲ್ಕು ಗಂಟೆ ಬರೆಯುವವರಿಗೆ ಶಿಫಾರಸು ಮಾಡುತ್ತೇವೆ, ದಿನವಿಡೀ ಕರೆಯಲ್ಲಿರುವವರಿಗೆ ಬೇಡ.

ಲ್ಯಾಪ್‌ಟಾಪಿನ ಸನ್ ಹುಡ್‌ಗಳನ್ನು ಕೊಳ್ಳುವುದಕ್ಕಿಂತ ಮಾಡಿಕೊಳ್ಳುವುದೇ ಮೇಲು. ಸಿದ್ಧವಾಗಿ ಸಿಗುವವು ಮೃದು ಬಟ್ಟೆಯವು, ಗಾಳಿಗೆ ಕುಸಿಯುತ್ತವೆ. 14 ಇಂಚಿನ ಲ್ಯಾಪ್‌ಟಾಪಿಗೆ 3 ಅಥವಾ 4 ಮಿ.ಮೀ. ದಪ್ಪದ ಕಪ್ಪು ಫೋಮ್ ಬೋರ್ಡಿನಲ್ಲಿ 33×25 ಸೆಂ.ಮೀ. ಅಳತೆಯ ಒಂದು ಹಾಳೆ ಮೇಲಕ್ಕೆ, 22×25 ಸೆಂ.ಮೀ. ಅಳತೆಯ ಎರಡು ಹಾಳೆ ಪಕ್ಕಕ್ಕೆ ಕತ್ತರಿಸಿ. ಒಳಬದಿಗೆ ಕಪ್ಪು ಫೆಲ್ಟ್ ಬಟ್ಟೆ ಅಂಟಿಸಿ, ಇಲ್ಲದಿದ್ದರೆ ಬೋರ್ಡೇ ಹೊಳೆಯುತ್ತದೆ. ಸೇರುವ ಕಡೆ ಬಟ್ಟೆಯ ಟೇಪ್ ಹಾಕಿದರೆ ಮಡಚಿ ಎತ್ತಿಡಬಹುದು. ಪಕ್ಕದ ಹಾಳೆಗಳ ಮುಂದಿನ ಅಂಚನ್ನು ಓರೆಯಾಗಿ ಕತ್ತರಿಸಬೇಕು, ನೇರವಾಗಿ ಬಿಟ್ಟರೆ ಕ್ಯಾಮೆರಾದಲ್ಲಿ ಎರಡೂ ಕಡೆ ಕಪ್ಪು ಪಟ್ಟಿ ಕಾಣುತ್ತದೆ. ಕೆಳಗೆ ಕೀಲಿನ ಹತ್ತಿರ ಎರಡು ಬೆರಳಿನಷ್ಟು ಜಾಗ ಬಿಡಿ. ಅನೇಕ ಲ್ಯಾಪ್‌ಟಾಪ್‌ಗಳ ಬಿಸಿಗಾಳಿ ಹೊರಬರುವುದು ಅಲ್ಲಿಂದಲೇ.

ದುಡ್ಡಿಲ್ಲದೆ ಆಗುವ ಇನ್ನೆರಡು ಕೆಲಸ. ಹಗಲಲ್ಲಿ ಡಾರ್ಕ್ ಮೋಡ್ ತೆಗೆದುಹಾಕಿ; ಕಪ್ಪು ಹಿನ್ನೆಲೆ ಅಂದರೆ ಪೂರ್ತಿ ಕನ್ನಡಿ. ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡು ಸ್ಕ್ರೀನ್ ಕಪ್ಪಾಗಿದೆ ಅಂತ ದೂರಬೇಡಿ. ತಲೆ ಪಕ್ಕಕ್ಕೆ ವಾಲಿಸಿ ನೋಡಿದರೆ ಬೆಳಕು ಬದಲಾಗುತ್ತದೆ, ದೋಷ ಕನ್ನಡಕ ಮತ್ತು ಎಲ್‌ಸಿಡಿಯ ಜೋಡಿಯದ್ದು.

ಬಿಸಿ ಮತ್ತು ತೇವ

ಆಪಲ್ ತನ್ನ ಲ್ಯಾಪ್‌ಟಾಪ್‌ಗಳನ್ನು 10ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಬಳಸಿ ಅನ್ನುತ್ತದೆ. ಇದು ಸುತ್ತಲಿನ ಗಾಳಿಯ ಉಷ್ಣತೆ. ಬಿಸಿಲಿಗೆ ಬಿದ್ದ ಕಪ್ಪು ಲೋಹದ ಮೈ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಮೊದಲು ಫ್ಯಾನ್ ಜೋರಾಗುತ್ತದೆ, ಆಮೇಲೆ ಪ್ರೊಸೆಸರ್ ತಾನೇ ನಿಧಾನವಾಗುತ್ತದೆ, ಕೊನೆಗೆ ಚಾರ್ಜ್ ಆಗುವುದು ನಿಲ್ಲುತ್ತದೆ. ಲ್ಯಾಪ್‌ಟಾಪನ್ನು ಮೇಜಿನಿಂದ ಎರಡು ಮೂರು ಸೆಂ.ಮೀ. ಎತ್ತುವ ಸಾದಾ ಸ್ಟ್ಯಾಂಡ್ ಇದಕ್ಕೆ ಸಾಕು. ಫ್ಯಾನ್ ಇರುವ ಕೂಲಿಂಗ್ ಪ್ಯಾಡ್ ಹೊರಗಿನ ಧೂಳನ್ನು ಒಳಕ್ಕೆ ಊದುತ್ತದೆ, ಅದು ಬೇಡ.

ಎಸಿ ಕೋಣೆಯಿಂದ ತಣ್ಣನೆಯ ಲ್ಯಾಪ್‌ಟಾಪನ್ನು ಸೆಕೆ ಇರುವ ಹೊರಗೆ ತಂದು ತಕ್ಷಣ ತೆರೆದರೆ ಫ್ರಿಜ್ಜಿನಿಂದ ತೆಗೆದ ಬಾಟಲಿಯಂತೆ ಅದರ ಮೇಲೂ ನೀರು ಕೂರುತ್ತದೆ, ಒಳಗೂ ಕೂರುತ್ತದೆ. ಚೀಲದಲ್ಲೇ ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಆನ್ ಮಾಡಿ.

ಮೇಜು, ಕುರ್ಚಿ

ಇಲ್ಲಿ ನಮ್ಮ ಮತ ಸ್ಪಷ್ಟ: ವರ್ಷವಿಡೀ ಹೊರಗೇ ಬಿಡುವ ಭಾರಿ ಮೇಜಿಗಿಂತ ಸಂಜೆ ಮಡಚಿ ಒಳಗಿಡುವ ಮೇಜು ಹೆಚ್ಚು ಕಾಲ ಬಾಳುತ್ತದೆ, ಹೆಚ್ಚು ಉಪಯೋಗಕ್ಕೂ ಬರುತ್ತದೆ. ಮೇಲ್ಮೈ ಕನಿಷ್ಠ 100×60 ಸೆಂ.ಮೀ., ಎತ್ತರ 72ರಿಂದ 75 ಸೆಂ.ಮೀ. ಇರಲಿ. ಹೊರಾಂಗಣದ ಸೋಫಾ ಸೆಟ್‌ಗಳ ಜೊತೆ ಬರುವ 40, 45 ಸೆಂ.ಮೀ. ಎತ್ತರದ ಮೇಜಿನ ಮೇಲೆ ಟೈಪ್ ಮಾಡಿದರೆ ಸೊಂಟ ಮಾತಾಡುತ್ತದೆ. ಗಾಜಿನ ಮೇಲ್ಮೈ ಕೆಳಗಿನಿಂದಲೂ ಆಕಾಶ ತೋರಿಸುತ್ತದೆ, ಬಿಳಿ ಪ್ಲಾಸ್ಟಿಕ್ ಕಣ್ಣು ಕುಕ್ಕುತ್ತದೆ. ಬೂದು ಅಥವಾ ಮರದ ಬಣ್ಣದ, ಹೊಳಪಿಲ್ಲದ ಮೇಲ್ಮೈ ಆರಿಸಿ. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಇಬ್ಬನಿಗೇ ಅಂಚು ಉಬ್ಬುತ್ತವೆ. ಪಟ್ಟಿಗಳ ನಡುವೆ ಸಂದಿರುವ ತೋಟದ ಮೇಜಿನಲ್ಲಿ ಮೌಸ್ ಓಡುವುದಿಲ್ಲ, ಅದಕ್ಕೆ ದಪ್ಪನೆಯ ಡೆಸ್ಕ್ ಮ್ಯಾಟ್ ಹಾಸಬೇಕು.

ಅಂಗಡಿಯಲ್ಲಿ ಮೇಜು ನೋಡುವಾಗ ನಡುವೆ ನೀರು ತುಂಬಿದ ಲೋಟ ಇಟ್ಟು, ಅಂಚಿನಲ್ಲಿ ಬೆರಳಿನಿಂದ ಟೈಪ್ ಮಾಡಿದಂತೆ ತಟ್ಟಿ. ನೀರಿನ ಮೇಲೆ ಅಲೆ ಎದ್ದು ತಕ್ಷಣ ನಿಂತರೆ ಸರಿ. ತಟ್ಟುವುದು ನಿಲ್ಲಿಸಿದ ಮೇಲೂ ನೀರು ತುಯ್ಯುತ್ತಿದ್ದರೆ ಕಾಲಿನ ಅಡ್ಡಪಟ್ಟಿ ಸಡಿಲ ಎಂದರ್ಥ. ಅಂಥ ಮೇಜಿನ ಮೇಲೆ ಲ್ಯಾಪ್‌ಟಾಪಿನ ಸ್ಕ್ರೀನ್ ದಿನವಿಡೀ ನಡುಗುತ್ತದೆ. ಹೊರಗಿನ ನೆಲ ಎಲ್ಲೂ ಪೂರ್ತಿ ಸಮ ಇರುವುದಿಲ್ಲ, ಹಾಗಾಗಿ ಕಾಲಿನ ಕೆಳಗೆ ತಿರುಗಿಸಿ ಎತ್ತರ ಹೊಂದಿಸುವ ಸ್ಕ್ರೂ ಇದ್ದರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮೋಟಾರಿನ ಎತ್ತರ ಬದಲಿಸುವ ಮೇಜುಗಳನ್ನು ಹೊರಗೆ ಇಡಬೇಡಿ, ಅವುಗಳ ಕಂಟ್ರೋಲ್ ಬಾಕ್ಸಿಗೆ ನೀರು, ಧೂಳಿನ ರಕ್ಷಣೆ ಇರುವುದಿಲ್ಲ.

ಕುರ್ಚಿಗೆ ಅಲ್ಯೂಮಿನಿಯಂ ಚೌಕಟ್ಟು, ಜಾಲರಿ ಬಟ್ಟೆ, ಕೂರುವ ಎತ್ತರ 43ರಿಂದ 46 ಸೆಂ.ಮೀ. ಇಷ್ಟಿದ್ದರೆ ಆಯಿತು. ಪೌಡರ್ ಕೋಟಿಂಗ್ ಇರುವ ಕಬ್ಬಿಣದ ಕುರ್ಚಿ ಮೊದಲು ತುಕ್ಕು ಹಿಡಿಯುವುದು ಗೀರು ಬಿದ್ದ ಕಾಲುಗಳಲ್ಲಿ. ಸಮುದ್ರ ಹತ್ತಿರ ಇದ್ದರೆ ಬೋಲ್ಟ್‌ಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಿರಲಿ, 304 ಅಲ್ಲಿ ಚುಕ್ಕೆ ಚುಕ್ಕೆಯಾಗಿ ತುಕ್ಕು ಬಿಡುತ್ತದೆ.

ಇಂಟರ್ನೆಟ್

ಮೇಜು ಇಡುವ ಜಾಗದಲ್ಲಿ ನಿಂತು ಫೋನಿನ ವೈಫೈ ಅನಲೈಸರ್ ಆ್ಯಪ್‌ನಲ್ಲಿ ಸಿಗ್ನಲ್ ನೋಡಿ. ವೀಡಿಯೊ ಕರೆಗೆ −67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಅಥವಾ ಅದಕ್ಕಿಂತ ಚೆನ್ನಾಗಿರಬೇಕು. −75ಕ್ಕೆ ಇಳಿದರೆ ಪುಟಗಳು ತೆರೆಯುತ್ತವೆ, ಮಾತು ಮಾತ್ರ ತುಂಡು ತುಂಡಾಗುತ್ತದೆ. ವೇಗ ಹೆಚ್ಚೇನೂ ಬೇಡ, ಒಂದು ಒಳ್ಳೆಯ ವೀಡಿಯೊ ಕರೆಗೆ ಹೋಗಲು ನಾಲ್ಕು, ಬರಲು ನಾಲ್ಕು ಎಂಬಿಪಿಎಸ್ ಸಾಕು. ಬೇಕಾದದ್ದು ಒಂದೇ ಸಮನಾದ ಸಿಗ್ನಲ್.

ಅಗ್ಗದ ವೈಫೈ ರಿಪೀಟರ್ ಕೊಳ್ಳುವುದು ದುಡ್ಡು ದಂಡ. ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ತಿರುಗಿ ಹೇಳುವುದರಿಂದ ವೇಗ ಅರ್ಧಕ್ಕೆ ಬೀಳುತ್ತದೆ. ಮೆಶ್ (ಹಲವು ಘಟಕಗಳು ಸೇರಿ ಒಂದೇ ವೈಫೈ ಹರಡುವ ವ್ಯವಸ್ಥೆ) ಇದ್ದರೆ ಒಂದು ಘಟಕವನ್ನು ಮೇಜಿಗೆ ಹತ್ತಿರದ ಕಿಟಕಿಯ ಒಳಗೆ ಇಟ್ಟು ನೋಡಿ. ಕಿಟಕಿಗೆ ಲೋಹದ ಸೊಳ್ಳೆ ಜಾಲರಿಯೋ, ಶಾಖ ತಡೆಯುವ ಲೋಹಲೇಪಿತ ಗಾಜೋ ಇದ್ದರೆ ಸಿಗ್ನಲ್ ಅಲ್ಲೇ ನಿಲ್ಲುತ್ತದೆ, ಆಗ ಬೇರೆ ಕಿಟಕಿ ಹುಡುಕಬೇಕು.

ಎಲ್ಲಕ್ಕಿಂತ ಒಳ್ಳೆಯದು, ಕೇಬಲ್ಲಿನಲ್ಲಿ ಬಂದ ಇಂಟರ್ನೆಟ್ಟನ್ನು ವೈಫೈ ಆಗಿ ಹರಡುವ ಹೊರಾಂಗಣದ ಆ್ಯಕ್ಸೆಸ್ ಪಾಯಿಂಟ್. ಟಿಪಿ-ಲಿಂಕ್ ಇಎಪಿ225-ಔಟ್‌ಡೋರ್ ಈ ಕೆಲಸಕ್ಕೆ ಹಳೆಯದಾದರೂ ನಂಬಿಕಸ್ಥ: ಧೂಳು, ನೀರು ತಡೆಯುವ ಐಪಿ65 ರಕ್ಷಣೆ, ಗಿಗಾಬಿಟ್ ಪೋರ್ಟ್, 2.4 ಮತ್ತು 5 ಗಿಗಾಹರ್ಟ್ಜ್ ಎರಡೂ, ನೆಟ್‌ವರ್ಕ್ ಕೇಬಲ್ಲಿನಲ್ಲೇ ಕರೆಂಟು. ಒಬ್ಬಿಬ್ಬರ ಕೆಲಸಕ್ಕೆ ಹೊಸ ತಲೆಮಾರಿನ ವೈಫೈ 6 ಮಾದರಿಗೆ ಜಾಸ್ತಿ ಕೊಡುವ ಅಗತ್ಯ ಕಾಣುವುದಿಲ್ಲ. ಸೂರಿನ ಕೆಳಗೆ ಎರಡೂವರೆ, ಮೂರು ಮೀಟರ್ ಎತ್ತರದಲ್ಲಿ, ಆಂಟೆನಾ ನೆಟ್ಟಗೆ ಇರುವಂತೆ ಹಾಕಿ. ಆಂಟೆನಾದ ಸಿಗ್ನಲ್ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ನೇರ ಕೆಳಕ್ಕೆ ಕಡಿಮೆ. ತಲೆಯ ಮೇಲೇ ತೂಗುಹಾಕುವುದಕ್ಕಿಂತ ನಾಲ್ಕೈದು ಮೀಟರ್ ಪಕ್ಕದಲ್ಲಿದ್ದರೆ ಲೇಸು. ರೇಡಾರ್ ಜೊತೆ ಹಂಚಿಕೊಳ್ಳುವ ಡಿಎಫ್‌ಎಸ್ ಚಾನೆಲ್‌ಗಳನ್ನು ಬಿಟ್ಟು ಬೇರೆಯದಕ್ಕೆ ಹೊಂದಿಸಿ. ರೇಡಾರ್ ಸುಳಿವು ಸಿಕ್ಕ ತಕ್ಷಣ ಆ ಚಾನೆಲ್ ಬಿಟ್ಟುಕೊಡಬೇಕೆಂಬ ನಿಯಮವಿದೆ, ಕಾರಣ ತಿಳಿಯದೆ ಕರೆ ಕಡಿಯುವುದಕ್ಕೆ ಅದೂ ಒಂದು ಮೂಲ.

ಕೇಬಲ್ಲಿನಲ್ಲಿ ಮೋಸ ಜಾಸ್ತಿ. ಬೇಕಾದದ್ದು ಕಪ್ಪು ಪಾಲಿಥಿನ್ ಹೊದಿಕೆಯ, ಪೂರ್ತಿ ತಾಮ್ರದ ಹೊರಾಂಗಣ ಕ್ಯಾಟ್6 ನೆಟ್‌ವರ್ಕ್ ಕೇಬಲ್. ಒಳಾಂಗಣದ ಬೂದು ಪಿವಿಸಿ ಕೇಬಲ್ ಬಿಸಿಲಿಗೆ ಪೆಡಸಾಗಿ ಸೀಳುತ್ತದೆ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಗೆ ರೋಧ ಹೆಚ್ಚು, ದೂರ ಹೋದಂತೆ ವೋಲ್ಟೇಜ್ ಇಳಿದು ಆ್ಯಕ್ಸೆಸ್ ಪಾಯಿಂಟ್ ಆಗಾಗ ರೀಸ್ಟಾರ್ಟ್ ಆಗುತ್ತದೆ. ಪರೀಕ್ಷೆ ಸುಲಭ: ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಹೆರೆಯಿರಿ. ಒಳಗೆ ಬೆಳ್ಳಿ ಬಣ್ಣ ಕಂಡರೆ ವಾಪಸ್ ಕೊಡಿ. ಗೋಡೆ ಹೊಗುವ ಮೊದಲು ಕೇಬಲ್ ಕೆಳಕ್ಕೆ ಒಂದು ಸುತ್ತು ಜೋತುಬಿದ್ದಿರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮನೆಯಿಂದ ಪ್ರತ್ಯೇಕವಾದ ಕೊಠಡಿಗೆ ಎಳೆಯುವುದಾದರೆ ತಾಮ್ರದ ಬದಲು ಫೈಬರ್ ಹಾಕಿಸಿ, ಸಿಡಿಲಿನ ಹೊಡೆತ ತಂತಿಯ ಮೂಲಕ ರೌಟರಿಗೆ ಬರುವುದಿಲ್ಲ.

ಕರೆಂಟು

ಮನೆಯಿಂದ ಎಕ್ಸ್‌ಟೆನ್ಷನ್ ಎಳೆದು ಕಿಟಕಿಯಲ್ಲಿ ತೂರಿಸುವುದು ಎಲ್ಲರೂ ಮಾಡುವ, ಯಾರೂ ಮಾಡಬಾರದ ಕೆಲಸ. ಶಾಶ್ವತ ವ್ಯವಸ್ಥೆಗೆ ಎಲೆಕ್ಟ್ರಿಷಿಯನ್ ಕರೆಸಿ ಕರೆಂಟು ಸೋರಿದ ತಕ್ಷಣ ಸಾಲನ್ನು ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇರುವ ಸಾಲಿನಲ್ಲಿ ಹೊರಾಂಗಣದ ಸಾಕೆಟ್ ಹಾಕಿಸಿ. ಸಾಕೆಟ್ ಕೊಳ್ಳುವಾಗ ಪ್ಲಗ್ ಚುಚ್ಚಿದ ಮೇಲೂ ಮುಚ್ಚಳ ಮುಚ್ಚುತ್ತದೆಯೇ ನೋಡಿ. ಅನೇಕ ಸಾಕೆಟ್‌ಗಳಿಗೆ ಬರೆದಿರುವ ಐಪಿ ರಕ್ಷಣೆ ಖಾಲಿ ಇದ್ದಾಗ ಮಾತ್ರ ಅನ್ವಯಿಸುತ್ತದೆ. ಎಕ್ಸ್‌ಟೆನ್ಷನ್ ರೀಲ್ ಬಳಸಲೇಬೇಕಾದರೆ ಪೂರ್ತಿ ಬಿಚ್ಚಿ. ಸುತ್ತಿದ್ದಾಗ ಶಾಖ ಹೊರಹೋಗದೆ ಒಳಗಿನ ಸುತ್ತುಗಳು ಕರಗುತ್ತವೆ.

ಲ್ಯಾಪ್‌ಟಾಪ್ ಒಂದಕ್ಕೇ ಆದರೆ ಬ್ಯಾಟರಿ ಸಾಕು, ತಂತಿಯೇ ಬೇಡ. ಪೂರ್ತಿ ಬೆಳಕಿನಲ್ಲಿ ಸಾಧಾರಣ ಕೆಲಸಕ್ಕೆ ಲ್ಯಾಪ್‌ಟಾಪ್ 15ರಿಂದ 20 ವ್ಯಾಟ್ ಎಳೆಯುತ್ತದೆ. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ 74 ವ್ಯಾಟ್-ಗಂಟೆ, ಕೈಗೆ ಸಿಗುವುದು 60 ಚಿಲ್ಲರೆ. ಮೂರು ನಾಲ್ಕು ಗಂಟೆ ಬರುತ್ತದೆ. ಯುಎಸ್‌ಬಿ-ಸಿ ಪಿಡಿ 65 ವ್ಯಾಟ್ ಅಂತ ಬರೆದಿರುವುದನ್ನೇ ಕೊಳ್ಳಿ, 18 ವ್ಯಾಟಿನದು ಲ್ಯಾಪ್‌ಟಾಪಿಗೆ ಸಾಲದು. ಇಡೀ ದಿನಕ್ಕೆ ಇಕೋಫ್ಲೋ ರಿವರ್ 2 ಥರದ ಪೆಟ್ಟಿಗೆ ಬೇಕು: 256 ವ್ಯಾಟ್-ಗಂಟೆ, ಮೂರೂವರೆ ಕೆ.ಜಿ., ಸಾವಿರಾರು ಸಲ ಚಾರ್ಜ್ ತಡೆಯುವ ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು. ಇದರ ಎಸಿ ಸಾಕೆಟ್ ಬಿಟ್ಟು 60 ವ್ಯಾಟಿನ ಯುಎಸ್‌ಬಿ-ಸಿ ಪೋರ್ಟ್‌ನಿಂದಲೇ ಲ್ಯಾಪ್‌ಟಾಪಿಗೆ ಕೊಡಿ. ಇನ್ವರ್ಟರ್ ಆನ್ ಇದ್ದಷ್ಟು ಹೊತ್ತೂ ತಾನೇ ಒಂದಷ್ಟು ತಿನ್ನುತ್ತದೆ. ಇಂಥ ಪೆಟ್ಟಿಗೆಗಳು ಮಳೆಗೆ ಆಗಿಬರುವುದಿಲ್ಲ, ಹನಿ ಬಿದ್ದರೆ ಮೊದಲು ಒಳಗೆ ಹೋಗಬೇಕಾದದ್ದು ಇದು.

ಸದ್ದು, ಸೊಳ್ಳೆ, ಸಂಜೆ

ಗಾಳಿಯಲ್ಲಿ ಕಿವಿಯೊಳಗಿನ ಪುಟ್ಟ ಇಯರ್‌ಬಡ್‌ಗಳ ಮೈಕು ಬರೀ ಭೋರೆಂಬ ಸದ್ದು ಕಳಿಸುತ್ತದೆ. ಬಾಯಿಯ ಹತ್ತಿರಕ್ಕೆ ಕೋಲು ಬರುವ ಹೆಡ್‌ಸೆಟ್, ಅದರ ತುದಿಗೆ ಸ್ಪಂಜಿನ ಟೊಪ್ಪಿ, ಇದು ಅಗ್ಗದ್ದಾದರೂ ದುಬಾರಿ ಇಯರ್‌ಬಡ್‌ಗಿಂತ ಚೆನ್ನ. ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿ, ಗಾಳಿ ಅದರ ಹೊರಮೈಕಿಗೆ ಬಡಿದು ಸದ್ದು ಹೆಚ್ಚಿಸುತ್ತದೆ.

ಸೊಳ್ಳೆಗೆ ಬೀಸಣಿಗೆಯೇ ಮದ್ದು. ಅವು ದುರ್ಬಲ ಹಾರಾಟಗಾರರು, ಮೇಜಿನ ಕೆಳಗೆ ಕಾಲಿನ ಮಟ್ಟದಲ್ಲಿ ಒಂದು ಟೇಬಲ್ ಫ್ಯಾನ್ ಇಟ್ಟರೆ ಹತ್ತಿರ ಬರಲಾಗುವುದಿಲ್ಲ. ಹಚ್ಚಿಕೊಳ್ಳುವ ಮುಲಾಮು ಕೊಳ್ಳುವಾಗ ಹೆಸರು ಓದಿ. ಡೀಟ್ ಇರುವುದು ಸೊಳ್ಳೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ. ಅದೇ ಕೈಯಲ್ಲಿ ಕೀಬೋರ್ಡ್ ಮುಟ್ಟಿದರೆ, ಪ್ಲಾಸ್ಟಿಕ್ ಕನ್ನಡಕ ಒರೆಸಿದರೆ ಮೇಲ್ಮೈ ಅಂಟಂಟಾಗಿ ಹಾಳಾಗುತ್ತದೆ. ಪಿಕಾರಿಡಿನ್ ಇರುವುದಕ್ಕೆ ಆ ಗುಣವಿಲ್ಲ, ಮೇಜಿನ ಕೆಲಸಕ್ಕೆ ಅದನ್ನೇ ತನ್ನಿ. ಕತ್ತಲಾದ ಮೇಲೂ ಕೂರುವವರು 2700 ಕೆಲ್ವಿನ್ ಅಥವಾ ಅದಕ್ಕಿಂತ ಕೆಳಗಿನ ಹಳದಿ ದೀಪವನ್ನು ಮೇಜಿನಿಂದ ಒಂದೆರಡು ಮೀಟರ್ ದೂರದಲ್ಲಿ ಹಾಕಿಸಿ. ಹುಳ ಕಡಿಮೆ ಬರುತ್ತವೆ, ಬಂದರೂ ದೀಪದ ಕಡೆ ಹೋಗುತ್ತವೆ. ಹಗಲಲ್ಲಿ ಬೇಡ ಅಂದ ಡಾರ್ಕ್ ಮೋಡ್ ಈಗ ಹಾಕಿಕೊಳ್ಳಿ.

ಸಾಮಾನು ಇಡುವ ಪ್ಲಾಸ್ಟಿಕ್ ಡೆಕ್ ಬಾಕ್ಸ್‌ಗಳ ಮೇಲೆ ನೀರು ಒಳಬಾರದು ಅಂತ ಬರೆದಿದ್ದರೂ ಮುಚ್ಚಳದ ಅಂಚಿನಲ್ಲಿ ರಬ್ಬರ್ ಪಟ್ಟಿ ಇದೆಯೇ ನೋಡಿ. ಇಲ್ಲದಿದ್ದರೆ ಗಾಳಿಮಳೆಗೆ ಒಳಗೆ ನೀರು ನುಗ್ಗುತ್ತದೆ. ಕುರ್ಚಿಯ ದಿಂಬು, ಹುಡ್, ಮ್ಯಾಟ್ ಇಡಲು ಇವು ಸಾಕು. ಪವರ್ ಬ್ಯಾಂಕ್, ಹೆಡ್‌ಸೆಟ್, ಬ್ಯಾಟರಿ ಪೆಟ್ಟಿಗೆಗಳನ್ನು ಮಾತ್ರ ಅದರಲ್ಲಿ ಬಿಡಬೇಡಿ. ಬಿಸಿಲಿಗೆ ಮುಚ್ಚಿದ ಪೆಟ್ಟಿಗೆಯ ಒಳಗೆ ಹೊರಗಿಗಿಂತ ಎಷ್ಟೋ ಜಾಸ್ತಿ ಕಾವು ಏರುತ್ತದೆ, ತುಂಬಿದ ಲಿಥಿಯಂ ಬ್ಯಾಟರಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ.